ನೀಲಕ್ಕನ ಕೂಸಿನ ಕುಂಚಿಗೆ

ಆ ಕುಂಚಿಗೆಯನ್ನು ಕತ್ತರಿಸಿದ್ದು ನಾನು. ಮಾಬಮ್ಮ ಕದ್ದವಳಲ್ಲ. ಪೆಟ್ಟಿಗೆಯಿಂದ ತೆಗೆದವಳು ನಾನು, ಕತ್ತರಿ ಹಾಕಿದವಳು ನಾನು, ಕೊನೆಗೆ ಸುಟ್ಟವಳೂ ನಾನೇ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಇಷ್ಟು ಮಾತು ಬಾಯಿಂದ ಹೊರಬರಲು ಎಷ್ಟೋ ವರ್ಷ ಬೇಕಾದವು — ಆ ವರ್ಷಗಳಲ್ಲಿ ನಾನು ಸುಖವಾಗಿಯೇ ಇದ್ದೆ ಎನ್ನುವುದನ್ನೂ ಹೇಳಿಬಿಡಬೇಕು.

ಎಂಬತ್ತರ ದಶಕದ ನಡುವೆ ನಾನು ಗುರುಗುಂಟಾದಿಂದ ಮಸ್ಕಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ ನೀಲಮ್ಮ, ನಾವಿಬ್ಬರು. ನೀಲಮ್ಮನನ್ನು ನಾನು ನೀಲಕ್ಕ ಎಂದೇ ಕರೆಯುತ್ತಿದ್ದೆ. ಅವಳಿಗೆ ಒಂದು ಗಂಡುಕೂಸು ಹುಟ್ಟಿ, ಹೆಜ್ಜೆ ಇಡುವ ಮೊದಲೇ ಜ್ವರ ಬಂದು ತೀರಿಕೊಂಡಿತ್ತು. ಅದು ನನ್ನ ಮದುವೆಗಿಂತ ಮುಂಚಿನ ಮಾತು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ನಾನು ಬಂದ ವಾರದಲ್ಲೇ ಅತ್ತೆ ಒಲೆಯ ಮುಂದೆ ಕೂತು, ನೀಲಕ್ಕನ ಎದುರಿಗೆ ಕೂಸಿನ ಮಾತು ತೆಗೆಯಬೇಡ ಎಂದು ಹೇಳಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಲಿಂಗಸುಗೂರಿನಲ್ಲಿ ಅಂಗಡಿ ಮುಚ್ಚಿದ ದರ್ಜಿಯೊಬ್ಬರ ಹಳೇ ಮಷೀನನ್ನು ನನ್ನ ಗಂಡ ತಂದರು. ಕಾಲಿನಿಂದ ತುಳಿಯುವಂಥದ್ದು. ಪಡಸಾಲೆಯ ಕಿಟಕಿ ಪಕ್ಕ ಇಟ್ಟೆವು. ಹೊಲಿಗೆ ಕಲಿಸಲು ಬಂದವಳು ಮಾಬಮ್ಮ. ಹಿಂದಿನ ಓಣಿಯಲ್ಲಿ ಅವಳೂ ಅವಳ ತಾಯಿಯೂ ಇದ್ದರು. ತಾಯಿ ಒಂದು ಕಾಲಕ್ಕೆ ಕೂಸುಗಳ ಅಂಗಿ, ಟೊಪ್ಪಿಗೆ, ಕುಪ್ಪಸ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಮಗಳ ಕೈಗೆ ಬಂದಿತ್ತು. ಮನೆಯೊಳಗೆ ಅವರು ದಖನಿ ಉರ್ದು ಮಾತಾಡುತ್ತಿದ್ದರು, ನಮ್ಮೊಂದಿಗೆ ನಮ್ಮ ಹಾಗೆಯೇ ಕನ್ನಡ. ಮಾಬಮ್ಮ ನನ್ನ ಓರಗೆಯವಳು. ಮಧ್ಯಾಹ್ನ ಊಟದ ಮೇಲೆ ಬಂದು ಹೊತ್ತು ಇಳಿಯುವವರೆಗೂ ಇರುತ್ತಿದ್ದಳು.

ನನಗೆ ಮೊದಲ ದಿನವೇ ಕುಪ್ಪಸ ಕತ್ತರಿಸುವ ಆತುರ. ಅವಳು ಬಿಡಲಿಲ್ಲ.

“ಮೊದಲ ಹೊಲಿಯೋ ಜಾಗಾಕ ಹೊಲಿ, ಶರಣಮ್ಮ. ಆಮ್ಯಾಲ ಮಂದಿಗೆ ಹೊಲಿಯೂಣಂತ” ಅಂದಳು.

ಹಾಗೆ ಶುರುವಾಯಿತು. ಹಳೇ ಧೋತರಕ್ಕೆ ಬಣ್ಣದ ತುಂಡುಗಳನ್ನು ಕೂಡಿಸಿ ಮಷೀನಿಗೊಂದು ಹೊದಿಕೆ. ದಾರದ ಉಂಡೆ, ಗುಂಡಿ, ಹುಕ್ಕು ಎಲ್ಲಕ್ಕೂ ಬೇರೆ ಬೇರೆ ಜೇಬುಗಳಿದ್ದ, ಗೋಡೆಗೆ ತೂಗುಹಾಕುವ ಒಂದು ಉದ್ದನೆಯ ಚೀಲ. ಸ್ಟೂಲಿನ ಮೇಲೆ ಹಾಕಲು ಒಂದು ಮೆತ್ತೆ. ಸೂಜಿ ಚುಚ್ಚಿಡುವ ಗಾದಿಗೆ ಹತ್ತಿ ತುಂಬಲು ಹೋದಾಗ ಅವಳು ತಡೆದು, ತವರಿಂದ ಕುರಿ ಉಣ್ಣೆ ತರಿಸಿಕೋ, ಅದರ ಜಿಡ್ಡಿಗೆ ಸೂಜಿ ತುಕ್ಕು ಹಿಡಿಯುವುದಿಲ್ಲ ಅಂದಳು. ಗುರುಗುಂಟಾದಲ್ಲಿ ಉಣ್ಣೆಗೇನು ಬರ. ನಮ್ಮಪ್ಪ ಒಂದು ಗಂಟನ್ನೇ ಕಳಿಸಿದರು.

ಕಿಟಕಿಯ ಆ ಮೂಲೆ ನೋಡನೋಡುತ್ತ ಚೆಂದವಾಯಿತು. ಬಂದವರೆಲ್ಲ ನಿಂತು ನೋಡುವರು, ಮುಟ್ಟುವರು, ಆಮೇಲೆ ಕೇಳುವರು — ಮಾಬಮ್ಮ ಮಾಡಿದ್ದಲ್ಲವೇ? ಹೌದು, ಅವಳು ಮಾಡಿದ್ದೇ. ನಾನು ಹೊಲಿದದ್ದು ಸೊಟ್ಟಗಿರುತ್ತಿತ್ತು, ಅವಳು ಬಿಚ್ಚಿ ನೆಟ್ಟಗೆ ಮಾಡುತ್ತಿದ್ದಳು. ನನಗೂ ಒಂದು ಆಸೆ ಹುಟ್ಟಿತು. ಅವಳ ಕೈ ತಾಗದ, ನೋಡಿದವರ ಕಣ್ಣು ಅಲ್ಲೇ ನಿಲ್ಲುವ ಒಂದಾದರೂ ವಸ್ತು ಆ ಮೂಲೆಯಲ್ಲಿ ನನ್ನದಾಗಿ ಇರಬೇಕು — ಇಷ್ಟೇ. ಆಸೆ ಎಂದೆ. ಹೊಟ್ಟೆಕಿಚ್ಚು ಎನ್ನಬೇಕಿತ್ತು.

ನೀಲಕ್ಕ ಅಣ್ಣನ ಮಗಳ ಮದುವೆಗೆಂದು ಸಂತೆಕಲ್ಲೂರಿಗೆ ಹೋಗಿದ್ದಳು. ಅತ್ತೆ ಹೊಲಕ್ಕೆ ಹೋಗಿದ್ದರು. ಅಸ್ತರಿಗೆ ಹಳೇ ಬಟ್ಟೆ ಬೇಕೆಂದು ನಾನು ಒಳಕೋಣೆಯ ಪೆಟ್ಟಿಗೆಗಳನ್ನು ತೆಗೆಯುತ್ತ ಹೋದೆ. ನೀಲಕ್ಕನ ಟ್ರಂಕಿಗೆ ಬೀಗವಿರಲಿಲ್ಲ. ನಮ್ಮ ಮನೆಯಲ್ಲಿ ಯಾರ ಪೆಟ್ಟಿಗೆಗೂ ಬೀಗವಿರಲಿಲ್ಲ. ತಳದಲ್ಲಿ ಒಂದು ಬಿಳಿಯ ಬಟ್ಟೆಯ ಗಂಟು. ಬಿಚ್ಚಿದರೆ ಕುಂಚಿಗೆ — ಕೂಸಿನ ತಲೆಗೆ ಕಟ್ಟಿದರೆ ಬೆನ್ನ ತುಂಬ ಇಳಿಬೀಳುತ್ತದಲ್ಲ, ಅದು. ದಾಳಿಂಬೆ ಬಣ್ಣದ ರೇಷ್ಮೆ ಖಣ, ಅಂಚಿಗೆ ಹಸಿರು ಪಟ್ಟಿ, ನಡುವೆ ಸಣ್ಣ ಸಣ್ಣ ಕನ್ನಡಿ ಬಿಲ್ಲೆಗಳು. ಅದರ ಮಡಿಕೆಯಲ್ಲಿ ಬೇವಿನ ಎಲೆ ಇತ್ತು. ಒಣಗಿದ್ದಲ್ಲ. ಇನ್ನೂ ಹಸಿರಿತ್ತು. ಊರಿಗೆ ಹೊರಡುವ ಮೊದಲು ಅವಳು ಹಳೆಯದನ್ನು ತೆಗೆದು ಹೊಸ ಎಲೆ ಇಟ್ಟು ಹೋಗಿದ್ದಳು.

ಆ ಎಲೆ ನೋಡಿದ ಮೇಲೂ — ನೋಡಿಯೂ ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಷ್ಟು ದಿನದಿಂದ ಸುಮ್ಮನೆ ಬಿದ್ದಿದೆ, ಕೂಸೇ ಇಲ್ಲ, ಇನ್ನು ಇದು ಯಾರಿಗೆ ಎಂದುಕೊಂಡೆ. ಹೀಗೆ ಅಂದುಕೊಳ್ಳಲು ಮನಸ್ಸಿಗೆ ಎಷ್ಟು ಹೊತ್ತೂ ಹಿಡಿಯುವುದಿಲ್ಲ. ಕತ್ತರಿ ಹಾಕಿದೆ. ಅವತ್ತು ಸಂಜೆಯೊಳಗೆ ಕತ್ತರಿಗೊಂದು ಒರೆ, ಸೂಜಿಗೊಂದು ಹೊಸ ಗಾದಿ, ಮಡಿಸಿ ಗುಂಡಿ ಹಾಕುವ ಒಂದು ಸೂಜಿಮನೆ ಸಿದ್ಧವಾದವು. ಸೊಟ್ಟಗಾಗಲಿಲ್ಲ. ನನ್ನ ಕೈ ಅಷ್ಟು ನೆಟ್ಟಗೆ ಅದಕ್ಕಿಂತ ಮೊದಲು ಓಡಿರಲಿಲ್ಲ.

ಮರುದಿನ ಮಾಬಮ್ಮ ಬಂದಳು. ಒರೆಯನ್ನು ಎತ್ತಿಕೊಂಡು, ಅಂಚಿನ ಹಸಿರು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಬಟ್ಟೆ ಎಲ್ಲಿಯದು ಎಂದು ಕೇಳಿದಳು. ತವರಿನದು ಅಂದೆ. ಚಲೋ ಆಗ್ಯಾವ ಅಂದು ಕೆಳಗಿಟ್ಟಳು. ಅವತ್ತು ಅವಳು ಬೇಗ ಎದ್ದು ಹೋದಳು. ಮೆಚ್ಚಲು ಮನಸ್ಸಿಲ್ಲ ಇವಳಿಗೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ನೀಲಕ್ಕ ವಾಪಸು ಬಂದು ಕೆಲವು ದಿನ ಏನೂ ಆಗಲಿಲ್ಲ. ಮೂರೂ ವಸ್ತುಗಳನ್ನು ನಾನು ಚೀಲದ ಜೇಬಿನೊಳಗೆ ಸರಿಸಿಟ್ಟಿದ್ದೆ. ಒಂದು ಮುಂಜಾನೆ ಅವಳು ಬೇವಿನ ಟೊಂಗೆ ಹಿಡಿದು ಒಳಕೋಣೆಗೆ ಹೋಗುವುದನ್ನು ನೋಡಿದೆ. ಟ್ರಂಕಿನ ಮುಚ್ಚಳದ ಸದ್ದು ಕೇಳಿತು. ನಾನು ಮೂರನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ನೀರಿನ ಒಲೆಯೊಳಗೆ ತಳ್ಳಿದೆ. ರೇಷ್ಮೆ ಬೇಗ ಹೋಯಿತು. ಗಾದಿಯೊಳಗಿನ ಉಣ್ಣೆ ಕಮಟು ವಾಸನೆ ಎಬ್ಬಿಸಿತು. ಏನದು ಎಂದು ಅತ್ತೆ ಕೇಳಿದರು. ತಲೆ ಬಾಚಿದ ಕೂದಲು ಒಲೆಗೆ ಹಾಕಿದೆ ಅಂದೆ. ಕನ್ನಡಿ ಬಿಲ್ಲೆಗಳು ಸುಡಲಿಲ್ಲ. ಬೂದಿಯಲ್ಲಿ ಆರಿಸಿ ತಿಪ್ಪೆಯಲ್ಲಿ ಹೂತೆ. ತನ್ನ ಮಗನದೆಂದು ನೀಲಕ್ಕನಿಗೆ ಭೂಮಿಯ ಮೇಲೆ ಉಳಿದಿದ್ದು ಅದೊಂದೇ ಆಗಿತ್ತು.

ನೀಲಕ್ಕ ಅಳಲಿಲ್ಲ. ಮನೆಯ ಒಂದೊಂದೇ ಗಂಟು ಬಿಚ್ಚಿ ಹುಡುಕುತ್ತ ಹೋದಳು. ಓಣಿಯ ಹೆಂಗಸರು ಸೇರಿದರು. ಹೊರಗಿನಿಂದ ಮನೆಗೆ ಬರುವವರು ಯಾರು ಎಂಬ ಮಾತು ಬಂತು. ಅತ್ತೆ ನನ್ನ ಕಡೆ ತಿರುಗಿ, ನೀಲಮ್ಮ ಊರಾಗ ಇಲ್ಲದಾಗ ಮಾಬಮ್ಮ ಒಳಗ ಹೋಗಿದ್ಲೇನು ಎಂದು ಕೇಳಿದರು.

ನಾನು ಹೇಳಿದ್ದು ಇಷ್ಟೇ: “ಒಮ್ಮೆ ನೀರು ಕುಡಿಯಾಕ ಹೋಗಿದ್ಲು.”

ಅದು ಸುಳ್ಳಲ್ಲ. ಅವಳು ಒಮ್ಮೆ ನೀರು ಕುಡಿಯಲು ಒಳಗೆ ಹೋಗಿದ್ದು ನಿಜ. ನಿಜವಾದ ಮಾತಿನಿಂದಲೇ ಒಬ್ಬಳನ್ನು ಮುಗಿಸಬಹುದೆಂದು ನನಗೆ ಆ ಹೊತ್ತಿನಲ್ಲಿ ಯಾರು ಕಲಿಸಿದರೋ —

ಮಧ್ಯಾಹ್ನ ಮಾಬಮ್ಮ ಎಂದಿನಂತೆ ಬಂದಳು. ನೀಲಕ್ಕ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

“ನನ್ನ ಕೂಸಿನ ಅರಿವಿ ಒಯ್ದು ಏನ್ ಮಾಡಿದಿ ಬೇ, ಕಳ್ಳಿ?”

ಮಾಬಮ್ಮ ನೀಲಕ್ಕನನ್ನು ನೋಡಲಿಲ್ಲ. ಅವಳ ಭುಜದಾಚೆ, ಮಷೀನಿನ ಮುಂದೆ ಕೂತಿದ್ದ ನನ್ನನ್ನು ನೋಡಿದಳು. ಅವಳು ಕಾಯುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ಬಗ್ಗಿಸಿದೆ.

“ನಾ ಕದ್ದಿಲ್ರೀ ಅಕ್ಕಾ” ಅಂದಳು. ಅಷ್ಟೇ. ತಿರುಗಿ ಹೋದಳು.

ಆಮೇಲೆ ಓಣಿಯ ಮನೆಗಳಿಂದ ಅವಳಿಗೆ ಬಟ್ಟೆ ಹೋಗುವುದು ನಿಂತಿತು. ಬಟ್ಟೆ ಕೊಟ್ಟರೆ ತುಂಡು ಉಳಿಸಿಕೊಳ್ಳುತ್ತಾಳೆ ಎಂದು ಶುರುವಾಗಿ, ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಎನ್ನುವವರೆಗೂ ಮಾತು ಬೆಳೆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ತಾಯಿಮಗಳು ಮನೆ ಖಾಲಿ ಮಾಡಿಕೊಂಡು ಸಿಂಧನೂರಿನ ನೆಂಟರ ಕಡೆ ಹೋದರು. ನಾನು ಮಷೀನು ಬಿಡಲಿಲ್ಲ. ಅವಳು ಕಲಿಸಿದ್ದನ್ನೇ ಹೊಲಿದೆ — ಹೊದಿಕೆ, ಒರೆ, ಉಣ್ಣೆಯ ಗಾದಿ, ಜೇಬಿನ ಚೀಲ. ಮಷೀನು ಕೊಂಡ ಹೆಂಗಸರು ಲಿಂಗಸುಗೂರಿನಿಂದಲೂ ಬಂದು ನನ್ನಿಂದ ಮಾಡಿಸಿಕೊಂಡು ಹೋಗುವಂತಾಯಿತು. ಈಗ ಎಲ್ಲರೂ ಶರಣಮ್ಮ ಮಾಡಿದ್ದು ಅನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಟ್ಟೆ ತರಲು ಸಿಂಧನೂರಿಗೆ ಹೋದವಳು ಒಂದು ಅಂಗಡಿಯಲ್ಲಿ ತೂಗುಹಾಕಿದ್ದ ಜೇಬಿನ ಚೀಲ ನೋಡಿ ನಿಂತುಬಿಟ್ಟೆ. ಜೇಬಿನ ಬಾಯಿಗೆ ಆ ರೀತಿ ಎರಡು ಮಡಿಕೆ ಕೊಡುವವಳು ಒಬ್ಬಳೇ. ಅಂಗಡಿಯವರು ಓಣಿ ತೋರಿಸಿದರು. ಹೋಗದೆ ಬಸ್ ಹತ್ತಬಹುದಿತ್ತು. ಹೋದೆ.

ಮಾಬಮ್ಮನ ಕೂದಲು ಕಿವಿಯ ಬಳಿ ನರೆತಿತ್ತು. ತಾಯಿ ತೀರಿಕೊಂಡಿದ್ದಳಂತೆ. ಅವಳಿಗೆ ತಡವಾಗಿ ಮದುವೆಯಾಗಿತ್ತು, ಶಾಲೆಗೆ ಹೋಗುವ ಒಬ್ಬ ಮಗಳಿದ್ದಳು. ನನ್ನ ಗುರುತು ಹಿಡಿದು ಒಳಗೆ ಕರೆದಳು, ನೀರು ಕೊಟ್ಟಳು. ಆ ನೀರನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ — ಪೆಟ್ಟಿಗೆಯಿಂದ ಒಲೆಯವರೆಗೆ ಎಲ್ಲವನ್ನೂ. ಅವಳು ಕೈಯಲ್ಲಿದ್ದ ಹೊಲಿಗೆ ನಿಲ್ಲಿಸಲಿಲ್ಲ.

“ಅವತ್ತ ಗೊತ್ತಿತ್ತು ನನಗ. ಆ ಕುಂಚಿಗಿ ಹೊಲಿದಾಕಿ ನಮ್ಮಮ್ಮ. ಆಕಿ ಹಾಕಿದ ಅಂಚು ನನಗ ಗುರುತು ಸಿಗಲ್ಲೇನು?”

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಕೇಳಬಾರದಿತ್ತು.

“ಹೇಳಿದ್ರ ನಂಬತಿದ್ರೇನು, ನಿನ್ನ ಬಿಟ್ಟು ನನ್ನ?” ದಾರ ಕಡಿದು ಅಂದಳು, “ನೀ ಹೇಳ್ತೀ ಅಂತ ಕಾದೆ. ಊರು ಬಿಡೋ ದಿನಾನೂ ಕಾದೆ. ಈಗ ನನಗ ಹೇಳಿ ಏನು? ನೀಲಕ್ಕಗ ಹೇಳಿದಿಯೇನು?”

ಇಲ್ಲ ಎಂದು ತಲೆಯಾಡಿಸಿದೆ. ಅವಳು ಎದ್ದು ಬಾಗಿಲು ತೆರೆದಿಟ್ಟಳು. ಹೋಗು ಎನ್ನಲಿಲ್ಲ, ಕೂತಿರು ಎಂದೂ ಅನ್ನಲಿಲ್ಲ.

ಅದರ ಮರುದಿನ ಮುಂಜಾನೆ ಹೇಳಿದೆ. ನೀಲಕ್ಕ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಮಗನ ಬಟ್ಟೆಗಾಗಿ ಅತ್ತಾಳು, ನನ್ನನ್ನು ಹೊಡೆದಾಳು ಎಂದುಕೊಂಡಿದ್ದೆ. ಅವಳ ಕೈಯಲ್ಲಿ ಮೊರ ನಿಂತಿತು. ಕುಂಚಿಗೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಆ ಹುಡುಗಿಗೆ ನಾನು ಕಳ್ಳಿ ಅಂದೆ” ಅಂದಳು. “ನನ್ನ ಸತ್ತ ಕೂಸಿನ ಹೆಸರು ಹಿಡಿದು ಅಂದೆ. ಆ ಮಾತು ನನ್ನ ಬಾಯಾಗ ಇಟ್ಟಾಕಿ ನೀನು.”

ಅಲ್ಲಿಯವರೆಗೆ ನಾನು ಮಾಬಮ್ಮನಿಗೆ ಒಂದು ತಪ್ಪು ಮಾಡಿದ್ದೇನೆ, ನೀಲಕ್ಕನಿಗೆ ಒಂದು ಬಟ್ಟೆ ಬಾಕಿ ಇದ್ದೇನೆ ಎಂದು ತಿಳಿದಿದ್ದೆ. ಅವಳ ಬಾಯಿಯನ್ನು ಕೆಡಿಸಿದ್ದೇನೆಂದು — ಅದು ನನಗೆ ಹೊಳೆದಿರಲೇ ಇಲ್ಲ.

ನೀಲಕ್ಕ ಅದೇ ದಿನ ಸಿಂಧನೂರಿಗೆ ಹೊರಟಳು. ದಾರಿ ತೋರಿಸಲು ಮಾತ್ರ ನಾನು ಬೇಕಾದೆ. ಮಾಬಮ್ಮನ ಬಾಗಿಲಲ್ಲಿ ನನ್ನನ್ನು ಹೊರಗೇ ನಿಲ್ಲಿಸಿ ಒಳಗೆ ಹೋದಳು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ಒಳಗಿಂದ ಅಳು ಕೇಳಿತು. ಯಾರದೆಂದು ತಿಳಿಯಲಿಲ್ಲ. ಇಬ್ಬರದೂ ಇರಬಹುದು. ಹೊರಗೆ ಬಂದಾಗ ಮಾಬಮ್ಮ ಅವಳ ಕೈ ಹಿಡಿದಿದ್ದಳು, ಮುಂದಿನ ಸಲ ಬಂದರೆ ಉಂಡೇ ಹೋಗಬೇಕು ಅನ್ನುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ನೀಲಕ್ಕ ಬೇರೆ ಸೀಟಿನಲ್ಲಿ ಕೂತಳು. ಈಗಲೂ ಒಂದೇ ಒಲೆಯ ಅಡುಗೆ ಉಣ್ಣುತ್ತೇವೆ. ಬೇಕಾದಷ್ಟು ಮಾತು ಆಡುತ್ತಾಳೆ, ಬೇಕಾದಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ.

ಅವತ್ತು ನಮ್ಮ ಬಾಗಿಲಲ್ಲಿ ನಿಂತಿದ್ದ ಹೆಂಗಸರ ಮನೆಗಳಿಗೆ ಒಂದೊಂದಾಗಿ ಹೋದೆ. ಕೆಲವರು ತೀರಿಕೊಂಡಿದ್ದಾರೆ. ಕೆಲವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಬ್ಬಳು ನನ್ನನ್ನು ಹೊಸಿಲಿಂದಲೇ ವಾಪಸು ಕಳಿಸಿದಳು, ಅದು ಸರಿಯೇ. ತುದಿಮನೆಯ ಬಸಮ್ಮಾಯಿ ಮಾತ್ರ ಪೂರಾ ಕೇಳಿಸಿಕೊಂಡು, ಎಲೆ ಅಡಿಕೆ ಮಡಿಸುತ್ತ ನಕ್ಕಳು.

“ಇರಲಿ ಬಿಡವ್ವ, ಆಕಿ ಮ್ಯಾಲಿನ ಕರುಣಾಕ ಹಿಂಗ ಹೇಳಾಕತ್ತೀ. ಆಕಿ ಕೈ ಚಲೋ ಇದ್ದಿಲ್ಲಂತ ಊರಿಗೆಲ್ಲ ಗೊತ್ತೈತಿ.”

ಮತ್ತೆ ಹೇಳಿದೆ. ನನ್ನ ಕೈ, ಆಯಿ, ಚಲೋ ಇಲ್ಲದ್ದು ನನ್ನ ಕೈ ಅಂದೆ. ಅವಳು ತಲೆಯಾಡಿಸಿ ಬೇರೆ ಮಾತು ತೆಗೆದಳು. ಮರುವಾರ ಹೋದೆ, ಅದೇ ಉತ್ತರ. ನನ್ನ ಒಳ್ಳೆಯತನದ ಮೇಲೆ ಅವಳಿಗೆ ಅಷ್ಟು ನಂಬಿಕೆ. ಇವತ್ತು ಸಂಜೆಯೂ ಅವಳ ಕಟ್ಟೆಯ ಮೇಲೆ ಹೋಗಿ ಕೂರಬೇಕು. ಅವಳು ನನ್ನನ್ನು ನಂಬುವುದು ಬಿಡುವವರೆಗೂ ಹೋಗುತ್ತೇನೆ.