ಸಂಚಿ ಬಿಟ್ಟು ಹೋದ ದಿನ

ಗುಬ್ಬಿಯ ಚಿಕ್ಕಮಾರಮ್ಮ ಎಲೆ, ಅಡಿಕೆ, ಸುಣ್ಣ, ಚಿಲ್ಲರೆ ಎಲ್ಲವನ್ನೂ ಸೊಂಟದ ಬಟ್ಟೆಸಂಚಿಯಲ್ಲೇ ಇಟ್ಟುಕೊಂಡು ಬಾಳಿದವಳು. ತುಮಕೂರಿನ ಮದುವೆಗೆ ಹೊರಟಾಗ ಮಾತ್ರ, ಸೊಸೆ ಕೋಮಲಾ ಕೊಟ್ಟ ಹೊಳೆಯುವ ಪರ್ಸಿಗೆ ಮರುಳಾಗಿ ಸಂಚಿಯನ್ನು ಗೂಟಕ್ಕೆ ನೇತುಹಾಕಿ ಬಂದಳು.

ಛತ್ರದಲ್ಲಿ, ಜಗಳವಾಡಿ ಮಾತು ಬಿಟ್ಟಿದ್ದ ಕುಣಿಗಲ್ಲಿನ ಅಕ್ಕ ತಾನಾಗಿಯೇ ಪಕ್ಕಕ್ಕೆ ಬಂದು ಕೂತಳು.

"ಸಂಚಿ ಬಿಚ್ಚೇ, ಒಂದೆಲೆ ಕೊಡು."

ಆ ಅಕ್ಕತಂಗಿಯರಲ್ಲಿ ಸ್ವಂತ ಸಂಚಿಯ ಎಲೆ ಮಡಿಸಿ ಕೊಟ್ಟರೆ ಮುನಿಸು ಮುಗಿದಂತೆ.

"ಸಂಚಿ ತಂದಿಲ್ಲ ಕಣಕ್ಕ."

"ನೀನು ಸಂಚಿ ಬುಟ್ಟು ಬರೋಳಾ? ಕೊಡಾಕೆ ಮನಸಿಲ್ಲ ಅನ್ನು, ಬುಡು," ಎಂದು ಅಕ್ಕ ಎದ್ದು ಹೋದಳು.

ಹಾಳು ಪರ್ಸು!

ಮೊನ್ನೆ ಕುಣಿಗಲ್ಲಿನಲ್ಲಿ ಅಕ್ಕನ ತಿಥಿ. ಚಿಕ್ಕಮಾರಮ್ಮ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಸಿ ಎಡೆಯ ಪಕ್ಕ ಇಟ್ಟಳು.

"ತಂದಿದೀನಿ ಕಣಕ್ಕ."

ಬೈಯುವುದಕ್ಕಾದರೂ ಅಕ್ಕ ಇರಬೇಕಿತ್ತು.