ಇನ್ನೆರಡು ಬಿಸಿಲು

ಮೊನ್ನೆ ಮಡಿಕೇರಿಗೆ ಹೋಗಿ ಬಲಗಡೆಯ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದೆ. ಡಾಕ್ಟರಮ್ಮ ಅದನ್ನು ಹತ್ತಿಯ ಮೇಲಿಟ್ಟು ತೋರಿಸಿ, ಬೇಕಾ ಎಂದು ಕೇಳಿದರು. ತಮಾಷೆಗೆ ಕೇಳಿದ್ದಿರಬೇಕು. ನಾನು ಜೇಬಿಗೆ ಹಾಕಿಕೊಂಡೆ. ನಗುವುದಾದರೆ ನಗಿ. ಆದರೆ ನಾಪೋಕ್ಲಿನಲ್ಲಿ ಮೂವತ್ತೆಂಟು ವರ್ಷ ನಾನು ಕಾಫಿ ವ್ಯಾಪಾರ ಮಾಡಿದ್ದು ಈ ಹಲ್ಲಿನ ಬಲದಿಂದ.

ಕೆಲಸ ಇಷ್ಟೇ. ಬೆಳೆಗಾರರು ಸಿಪ್ಪೆ ಸಮೇತ ಒಣಗಿಸಿದ ಚೆರಿ ಕಾಫಿ ತರುತ್ತಾರೆ. ಗೋಣಿಯಿಂದ ಒಂದು ಹಿಡಿ ತೆಗೆದು, ಸಿಪ್ಪೆ ಒಡೆದು, ಬೀಜವನ್ನು ಕಚ್ಚಿ ನೋಡುವುದು. ಒಣಗಿದ್ದರೆ ಕಲ್ಲಿನ ಹಾಗಿರುತ್ತದೆ. ಹಸಿಯಿದ್ದರೆ ಹಲ್ಲಿನ ಗುರುತು ಬೀಳುತ್ತದೆ. ತೇವ ಅಳೆಯುವ ಮೀಟರು ಬಂದ ಮೇಲೂ ನನ್ನ ಅಂಗಡಿಗೆ ಬಂದವರು ಮೀಟರಿನ ಮುಖ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಅದು ತಲೆಗೆ ಏರದೆ ಇರುತ್ತದೆಯೇ? ಚೆನ್ನಾಗಿಯೇ ಏರಿತ್ತು.

ಅರವತ್ತೈದಕ್ಕೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತೆ. ಕೂತವನು ಸುಮ್ಮನಿರಬೇಕಿತ್ತು. ಕಥೆ ಬರೆಯಲು ಶುರುಮಾಡಿದೆ. ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿದ ಕಥೆ ಸಾಲಲಿಲ್ಲವೇ ಎಂದು ಹೆಂಡತಿ ಪಾರ್ವತಿ ಕೇಳಿದಳು. ಮೊದಲ ಎರಡು ಕಥೆಗಳಲ್ಲಿ ಎಲ್ಲರೂ ಸತ್ತುಹೋದರು. ಅವರಿಂದ ಬೇರೇನು ಮಾಡಿಸಬೇಕೆಂದು ನನಗೆ ತಿಳಿಯಲಿಲ್ಲ. ಎರಡೂ ವಾಪಸು ಬಂದವು. ಮೂರನೆಯದು ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದು ಬೆಳ್ಯಪ್ಪಣ್ಣನ ಕಥೆ.

ಬೆಳ್ಯಪ್ಪಣ್ಣನಿಗೆ ನಮ್ಮೂರಿನಿಂದ ಮೂರು ಮೈಲಿ ದೂರದಲ್ಲಿ ಸಣ್ಣ ತೋಟವಿತ್ತು. ಅವನ ತೋಟ ದೊಡ್ಡದಲ್ಲ, ಅವನ ಕಣ ದೊಡ್ಡದು ಎಂದು ಜನ ಹೇಳುತ್ತಿದ್ದರು. ಅಂದರೆ ಕಾಫಿ ಒಣಗಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಗಂಟೆಗೊಮ್ಮೆ ತಾನೇ ಬರಿಗಾಲಲ್ಲಿ ಕಣಕ್ಕಿಳಿದು ಹರಡುವನು. ಅಕ್ಕಪಕ್ಕದ ತೋಟದವರು ತಮ್ಮ ಕಾಫಿಯನ್ನು ಗೋಣಿಗೆ ತುಂಬುವ ಮೊದಲು ಒಂದು ಹಿಡಿ ತಂದು ಅವನಿಗೆ ತೋರಿಸುತ್ತಿದ್ದರು. ಅವನು ಮುಷ್ಟಿಯಲ್ಲಿ ಕುಲುಕಿ, ಸದ್ದು ಕೇಳಿ, ಆಯಿತು ಎಂದರೆ ಆಯಿತು.

ಒಂದು ವರ್ಷ ಸಂತೆಯ ದಿನ, ಅಂಗಡಿ ತುಂಬ ಜನರಿದ್ದಾಗ ಅವನು ಕಾಫಿ ತಂದ. ಆ ದಿನ ನನಗೆ ಹಲ್ಲುನೋವು, ಬಲಗಡೆ ಕಚ್ಚುವ ಹಾಗಿರಲಿಲ್ಲ. ಎಡಗಡೆ ಕಚ್ಚಿದೆ. ಮೆತ್ತಗೆ ಅನ್ನಿಸಿತು.

“ಬೆಳ್ಯಪ್ಪಣ್ಣ, ಇದು ಹಸಿ ಉಂಟು. ಇನ್ನೆರಡು ಬಿಸಿಲು ಬೇಕು” ಎಂದೆ.

ಯಾರೋ ಹಿಂದಿನಿಂದ, ಬೆಳ್ಯಪ್ಪನ ಕಾಫಿಯೂ ಹಸಿಯಾ ಎಂದು ನಕ್ಕರು. ಅವನು ವಾದ ಮಾಡಲಿಲ್ಲ. ತಾನೂ ಒಂದು ಬೀಜ ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡಿ, ಗೋಣಿಗಳನ್ನು ಮತ್ತೆ ಜೀಪಿಗೆ ಹಾಕಿಸಿದ. ಅವನು ಹೋದ ಮೇಲೆ ನನಗೇಕೋ ಅನುಮಾನ ಬಂತು. ಉಳಿದಿದ್ದ ಬೀಜಗಳನ್ನು ಮೂಲೆಯ ಮೀಟರಿಗೆ ಹಾಕಿದೆ. ಕಾಫಿ ಸರಿಯಾಗಿ ಒಣಗಿತ್ತು.

ಅವನ ಜೀಪು ಇನ್ನೂ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ನಿಂತಿತ್ತು. ನನ್ನ ಕುರ್ಚಿಯಿಂದಲೇ ಕಾಣುತ್ತಿತ್ತು. ಇನ್ನೂರು ಹೆಜ್ಜೆ ನಡೆದರೆ ಸಾಕಿತ್ತು. ಆದರೆ ನನ್ನ ಹಲ್ಲು ತಪ್ಪಿತೆಂದು ಸಂತೆಗೆಲ್ಲ ಗೊತ್ತಾದರೆ ನಾಳೆ ನನ್ನ ಮಾತಿಗೆ ಏನು ಬೆಲೆ? ಮೀಟರನ್ನು ಬಟ್ಟೆಯಿಂದ ಮುಚ್ಚಿಟ್ಟು ಮುಂದಿನ ಗೋಣಿಗೆ ಕೈ ಹಾಕಿದೆ.

ಕಥೆಯಲ್ಲಿ ಹಾಗಾಗಲಿಲ್ಲ. ಕಥೆಯ ವ್ಯಾಪಾರಿ ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ, ಹೋಟೆಲಿನಲ್ಲಿ ಎಲ್ಲರೆದುರು ಅವನ ಕೈ ಹಿಡಿದು, ತಪ್ಪಾಯಿತು ಎನ್ನುತ್ತಾನೆ. ಅದನ್ನು ಬರೆಯುವಾಗ ನನಗೆ ಕಣ್ಣೀರು ಬಂತು. ಪಶ್ಚಾತ್ತಾಪವೆಂದುಕೊಂಡೆ. ಬೆಳ್ಯಪ್ಪಣ್ಣ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಪತ್ರಿಕೆ ಬಂದ ಮರುವಾರ ಅವನ ಹೆಂಡತಿ ಜಾನಕಕ್ಕ ಮನೆಗೆ ಬಂದರು. ಪಾರ್ವತಿ ಕೊಟ್ಟ ಕಾಫಿಯನ್ನು ಮುಟ್ಟದೆ, ಚೀಲದಿಂದ ಪತ್ರಿಕೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಹೊಗಳಿಕೆಗೆ ಸಿದ್ಧನಾಗಿ ಕೂತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

“ಅಣ್ಣ, ಹೆಸರು ಬೇರೆ ಹಾಕಿದ್ದೀರಿ, ಆದರೆ ಇದು ನಮ್ಮವರದ್ದೇ ಅಲ್ವಾ?” ಎಂದರು. ಹೌದೆಂದೆ.

“ಹಾಗಾದ್ರೆ ಅವತ್ತು ಅವರ ಕಾಫಿ ಒಣಗಿತ್ತಾ?”

ಕಥೆಯೆಂದ ಮೇಲೆ ಅದರಲ್ಲಿ ಕಲ್ಪನೆ ಇರುತ್ತದೆ, ಎಂದು ಏನೇನೋ ಶುರುಮಾಡಿದೆ. ಅವರು ಕಾದರು. ಕೊನೆಗೆ, ಒಣಗಿತ್ತು ಎಂದೆ.

ಆಮೇಲೆ ಅವರು ಹೇಳಿದ್ದನ್ನು ಕೇಳಿ. ಆ ವರ್ಷ ಕಾಫಿಯನ್ನು ಮತ್ತೆ ಹರಡಿದ ಬೆಳ್ಯಪ್ಪಣ್ಣ ಎರಡು ಬಿಸಿಲಿಗೆ ನಿಲ್ಲಿಸಲಿಲ್ಲ, ಹತ್ತು ಬಿಸಿಲಾದರೂ ತೆಗೆಯಲಿಲ್ಲ. ಮುಂದಿನ ವರ್ಷ ಒಂದು ಬೀಜ ತಾನು ಕಚ್ಚಿ, ಒಂದನ್ನು ಹೆಂಡತಿಗೆ ಕೊಟ್ಟು, ಒಣಗಿದೆಯಾ ನೋಡು ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದನಂತೆ. ಅಕ್ಕಪಕ್ಕದವರು ಮುಷ್ಟಿಯಲ್ಲಿ ಕಾಫಿ ಹಿಡಿದು ಬರುವುದೂ ನಿಂತುಹೋಯಿತು. ಕೊನೆಯ ವರ್ಷಗಳಲ್ಲಿ ಅವನು ಒಣಗಿಸುವುದನ್ನೇ ಬಿಟ್ಟು, ಗಿಡದಿಂದ ಕೊಯ್ದ ಹಣ್ಣನ್ನು ಹಾಗೆಯೇ ಮಾರುತ್ತಿದ್ದ. ಕಣದಲ್ಲಿ ಹುಲ್ಲು ಬೆಳೆಯಿತು.

“ನೀವು ಓಡಿ ಬಂದದ್ದನ್ನು ನಾನು ಎರಡು ಸಲ ಓದಿದೆ. ಆದರೆ ನೀವು ಬರಲಿಲ್ವಲ್ಲ” ಎಂದು ಜಾನಕಕ್ಕ ಎದ್ದು ನಿಂತರು. ಬರುವ ವಾರ ತಮ್ಮ ಮನೆಯಲ್ಲಿ ಹಿರಿಯರಿಗೆ ಬಡಿಸುವುದಿದೆ, ಬಂದು ಅಲ್ಲಿ ಹೇಳಿ ಎಂದರು.

ಹಿರಿಯರಿಗೆ ಬಡಿಸುವುದೆಂದರೆ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಒಳಕೋಣೆಯಲ್ಲಿ ಎಲೆಗೆ ಬಡಿಸಿಟ್ಟು, ಅವರಿಗೆ ತಿಳಿಸಬೇಕಾದದ್ದನ್ನು ಎದುರು ನಿಂತು ಬಾಯಿಬಿಟ್ಟು ಹೇಳುವುದು. ಹೋದೆ. ಎಲೆಯ ಮೇಲೆ ಕಡುಬು, ಹಂದಿ ಸಾರು, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ಹಿಂದೆ ಅವನ ಅಣ್ಣತಮ್ಮಂದಿರ ಮನೆಯವರೆಲ್ಲ ನಿಂತಿದ್ದರು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಚಂದದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ.

“ಬೆಳ್ಯಪ್ಪಣ್ಣ, ನಿನ್ನ ಕಾಫಿ ಒಣಗಿತ್ತು” ಎಂದೆ.

ಜಾನಕಕ್ಕ ನನ್ನ ಪಕ್ಕಕ್ಕೆ ಬಂದು, “ಇನ್ನೊಮ್ಮೆ ಹೇಳಿ ಅಣ್ಣ, ಜೋರಾಗಿ. ಕೊನೆಗೆ ಅವರಿಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ” ಎಂದರು.

ಜೋರಾಗಿ ಹೇಳಿದೆ. ಮನೆಯವರೆಲ್ಲ ಕೇಳಿಸಿಕೊಂಡರು. ಕೇಳಬೇಕಾದವನು ಕೇಳಿದನೋ ಇಲ್ಲವೋ ಎಂದು ನನಗೆ ಯಾವತ್ತೂ ತಿಳಿಯುವುದಿಲ್ಲ.

ಈಗ ಆ ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ಈ ಸಲ ವ್ಯಾಪಾರಿ ಕುರ್ಚಿಯಿಂದ ಏಳುವುದಿಲ್ಲ. ಇಂದು ಬೆಳಿಗ್ಗೆ ಪಾರ್ವತಿ ಓದಿ, ಇದನ್ನು ಯಾರೂ ಅಚ್ಚು ಹಾಕಲಿಕ್ಕಿಲ್ಲ, ಪಾಪ ಅವನನ್ನು ಒಮ್ಮೆ ಎಬ್ಬಿಸಿ ಕಳಿಸಿ ಎಂದಳು. ನಾನು ಅವನನ್ನು ಅಲ್ಲೇ ಕೂರಿಸಿದ್ದೇನೆ. ಜೀಪು ಹೊರಡುವುದನ್ನು ಅವನು ನೋಡಲಿ.