ಮೂವರಿಗೊಂದು ಕೋಟು

ನಮ್ಮ ಆಫೀಸಿನ ಬಾಗಿಲ ಹಿಂದೆ ಒಂದು ಕಪ್ಪು ಕೋಟು ಸದಾ ನೇತಾಡುತ್ತಿರುತ್ತದೆ. ಅದು ಯಾರದೆಂದು ಯಾರಿಗೂ ಗೊತ್ತಿಲ್ಲ. ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನ ಈ ಗಾಜಿನ ಕಟ್ಟಡಕ್ಕೆ ಎಲ್ಲರೂ ಬರುವುದು ಟೀ ಶರ್ಟಿನಲ್ಲಿ. ದೊಡ್ಡ ಕಸ್ಟಮರ್ ಜೊತೆ ವಿಡಿಯೋ ಕಾಲ್ ಇದ್ದಾಗ ಮಾತ್ರ ಕೋಟು ಗೂಟದಿಂದ ಇಳಿಯುತ್ತದೆ. ಸೊಂಟದಿಂದ ಮೇಲೆ ನಾವು ಮಹಾ ಗಂಭೀರ ಜನ. ಕೆಳಗೆ ಏನಿದೆ ಎಂಬುದು ಕ್ಯಾಮೆರಾಗೆ ಬೇಡದ ವಿಷಯ. ಹೋದ ತಿಂಗಳು ನನ್ನ ಸರದಿ ಬಂತು. ತೋಳಿಗೆ ಕೈ ತೂರಿಸಿದ್ದೇ ತಡ, ಮೂರು ನಾಲ್ಕು ಜನರ ಸೆಂಟಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ತೋಳು ಬೆರಳ ತುದಿಯವರೆಗೆ ಇಳಿದಿತ್ತು, ಬೆನ್ನ ಕಡೆ ಗಾಳಿಯಾಡುತ್ತಿತ್ತು. ನನ್ನ ಕೈ ತಾನಾಗಿಯೇ ಮೇಜಿನ ಮೇಲೆ ಬಟ್ಟೆ ಕ್ಲಿಪ್ ಹುಡುಕತೊಡಗಿತು. ಆ ಮೀಟಿಂಗಿನಲ್ಲಿ ನಾನು ಏನು ಮಾತಾಡಿದೆನೋ ದೇವರಿಗೇ ಗೊತ್ತು, ಮನಸ್ಸು ಆಗಲೇ ಓದುವಾಗ ನಾನಿದ್ದ ಅತ್ಲೋನಿನ ರೈಲು ಹತ್ತಿ ಕೂತಿತ್ತು.

ಕ್ಲಿಪ್ಪಿನ ವಿಷಯ ಮೊದಲು ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ನನ್ನ ಸೋದರಮಾವನದೊಂದು ಫೋಟೋ ಸ್ಟುಡಿಯೋ ಇತ್ತು. ಪರದೆಯ ಮೇಲೆ ಎಲ್ಲಿಗೂ ಹೋಗದ ಮೆಟ್ಟಿಲು, ಎರಡು ಹಂಸ. ಪಕ್ಕದ ಗೋಡೆಗೆ ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಎಲಾಸ್ಟಿಕ್ಕಿನ ಟೈ, ಮತ್ತೊಂದು ಕೋಟು. ಮಾವ ಅದನ್ನು ಜನತಾ ಕೋಟು ಎನ್ನುತ್ತಿದ್ದರು. ಹೆಣ್ಣಿನ ಮನೆಗೆ ಕಳಿಸುವ ಫೋಟೋಗೂ ಅದೇ, ಕೆಲಸದ ಅರ್ಜಿಗೂ ಅದೇ. ಸಣಕಲು ಆಸಾಮಿ ಬಂದರೆ ಕೋಟನ್ನು ಹಿಂದಿನಿಂದ ಎಳೆದು ಕ್ಲಿಪ್ ಸಿಕ್ಕಿಸುವುದು ರಜೆಗೆ ಹೋದ ನನ್ನ ಕೆಲಸ. "ಬೆನ್ನು ಯಾರ್ ನೋಡ್ತಾರಮ್ಮ, ಎಳ್ದು ಹಾಕು" ಎನ್ನುತ್ತಿದ್ದರು ಮಾವ. ಮದುವೆಗೆ ಮುಂಚೆ ನಮ್ಮಪ್ಪ ಕಳಿಸಿದ ಫೋಟೋದಲ್ಲೂ ಅದೇ ಕೋಟು. ಅಮ್ಮನನ್ನು ಕೇಳಿದರೆ ಇವತ್ತಿಗೂ ನಗುತ್ತಾಳೆ: "ಕೋಟು ನಮ್ಮಣ್ಣಂದು ಅಂತ ನೋಡಿದ್ ತಕ್ಷಣ ಗೊತ್ತಾಯ್ತು. ಅದಕ್ಕೇ ಮುಖ ಮಾತ್ರ ನೋಡ್ದೆ."

ಅತ್ಲೋನಿಗೆ ನಾನು ಬಂದದ್ದು ಮಾಸ್ಟರ್ಸ್ ಮಾಡಲು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳೆಂದು ಮನೆಯಲ್ಲಿ ಮೊದಲೇ ಹೆಸರಿತ್ತು. ಐರ್ಲೆಂಡಿನ ಬಾಡಿಗೆ ಮನೆಗಳು ಆ ಚಕ್ರಕ್ಕೆ ಎಣ್ಣೆ ಹಾಕಿದವು. ಒಂದು ಕಡೆ ಮಾಲೀಕರು ಮನೆ ಮಾರಿದರು, ಇನ್ನೊಂದು ಕಡೆ ಮಗ ವಾಪಸ್ ಬಂದ, ಮತ್ತೊಂದು ಕಡೆ ನನಗೇ ತಡೆಯಲಾಗಲಿಲ್ಲ. ಯಾವ ಗೋಡೆಗೂ ಒಂದು ಮೊಳೆ ಹೊಡೆದವಳಲ್ಲ. ಸೂಟ್‌ಕೇಸನ್ನು ಪೂರ್ತಿ ಬಿಚ್ಚದೆ ಇರುವುದು ಒಂದು ಜಾಣತನವೆಂದೇ ನಂಬಿದ್ದೆ. ಹಾಗೆ ಅಲೆಯುತ್ತಾ ಶ್ಯಾನನ್ ನದಿಯ ಸೇತುವೆಯಿಂದ ಸ್ವಲ್ಪ ದೂರದಲ್ಲಿದ್ದ ಅಸಂಪ್ಟಾ ಅವರ ಮನೆಯ ಮಹಡಿ ಕೋಣೆಗೆ ಬಂದು ಬಿದ್ದೆ. ಪಕ್ಕದ ಕೋಣೆಯಲ್ಲಿ ಬೆಂಗಳೂರಿನ ನಾಜಿಯಾ, ನನ್ನ ಕ್ಲಾಸಿನವಳೇ.

ಅಸಂಪ್ಟಾ ಅವರಿಗೆ ಎಪ್ಪತ್ತು ದಾಟಿತ್ತು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳದೆ, ಮೊದಮೊದಲು ಕೆಮ್ಮಿ ಕರೆಯುತ್ತಿದ್ದೆ. ಮಾತಿನಲ್ಲಿ ಅಪ್ಪಟ ಐರಿಷ್, ಮಾತಾಡುವಾಗ ಕೈಗಳು ಮಾತ್ರ ಇಟಲಿಯವು. ರೋಮಿನ ಕೆಳಗಿನ ಯಾವುದೋ ಬೆಟ್ಟದ ಹಳ್ಳಿಯಿಂದ ಅವರ ತಾತ ಇನ್ನಿಬ್ಬರ ಜೊತೆ ಇಲ್ಲಿಗೆ ಬಂದು, ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಚಿಪ್ಸ್ ಅಂಗಡಿ ಇಟ್ಟಿದ್ದರಂತೆ. ತಾತನ ಮಗ, ಅಂದರೆ ಅಸಂಪ್ಟಾ ಅವರ ಅಪ್ಪ, ಬೆಳೆದು ರೋಸ್‌ಕಾಮನ್ ಕಡೆಯ ಐರಿಷ್ ಹುಡುಗಿಯನ್ನು ಮದುವೆಯಾದದ್ದು ಹುಡುಗಿಯ ಕಡೆಯವರಿಗೆ ಹಿಡಿಸಲಿಲ್ಲ. ಅಸಂಪ್ಟಾ ಶಾಲೆಗೆ ಹೋದರೆ ಪಕ್ಕದಲ್ಲಿ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ, ಕರಿದ ಎಣ್ಣೆಯ ವಾಸನೆ ಎಂದು.

ಅದಕ್ಕೆ ಅವರಲ್ಲಿದ್ದ ಉತ್ತರ ಒಂದು ಫೋಟೋ. ಅದು ನಡುಮನೆಯ ಫೈರ್‌ಪ್ಲೇಸ್ ಮೇಲೆ ಬೆಳ್ಳಿ ಕಟ್ಟಿನಲ್ಲಿ ನಿಂತಿತ್ತು: ದಪ್ಪ ಮೀಸೆ, ವೆಲ್ವೆಟ್ ಕಾಲರಿನ ಕೋಟು, ಅಡ್ಡಲಾಗಿ ಗಡಿಯಾರದ ಸರಪಳಿ. "ನೋಡು, ಇವರು ನಮ್ಮ ತಾತ. ಚಿಪ್ಸ್ ಮಾರೋಕೆ ಬಂದ ಬಡವ ಇಂಥ ಕೋಟು ಹಾಕ್ತಾನಾ?" ಅವರು ದಿನವೂ ಆ ಫೋಟೋಗೆ ಗುಡ್ ನೈಟ್ ಹೇಳಿಯೇ ಮಲಗುತ್ತಿದ್ದರು. ಹಿರಿಯರೆಂದ ಮೇಲೆ ನನಗೂ ಸುಮ್ಮನಿರಲಾಗದೆ ಯುಗಾದಿಯ ದಿನ ಗಾಜಿನ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟೆ. ಅವರು ಅದನ್ನು ಒರೆಸದೆ ಹಾಗೇ ಬಿಟ್ಟರು.

ತಾಯಿಯ ಕಡೆಯ ಫೋಟೋಗಳ ಬಗ್ಗೆ ಮಾತ್ರ ಅವರಿಗೆ ಎಲ್ಲಿಲ್ಲದ ನಗು. ಬಾಸ್ಟನ್ನಿಗೆ ವಲಸೆ ಹೋದ ಅಜ್ಜಿಯ ತಂಗಿಯರು ಕುತ್ತಿಗೆಗೆ ನರಿಯ ತುಪ್ಪಳ ಸುತ್ತಿಕೊಂಡು ರಾಣಿಯರ ಹಾಗೆ ಕೂತ ಚಿತ್ರಗಳು ಅವು. "ಆ ನರಿ, ಇವರು ಕೆಲಸಕ್ಕಿದ್ದ ಮನೆ ಯಜಮಾನಿಯದು! ಊರಿನವರಿಗೆ ತೋರಿಸೋಕೆ ಒಂದು ಗಂಟೆ ಎರವಲು!" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ.

ತಾತನ ಸಮಾಧಿ ಅತ್ಲೋನಿನಲ್ಲೇ ಇದೆ. ಅಂಗೈಯಗಲದ ಪಿಂಗಾಣಿ ಬಿಲ್ಲೆಯ ಮೇಲೆ ಸತ್ತವರ ಫೋಟೋ ಅಚ್ಚು ಹಾಕಿಸಿ ಕಲ್ಲಿಗೆ ಕೂರಿಸುವುದು ಇಟಲಿಯವರ ಪದ್ಧತಿ. ಅಸಂಪ್ಟಾ ಅವರ ಅಪ್ಪನಿಗೆ ಆ ಆಸೆಯಿತ್ತಂತೆ. ಸತ್ತವರ ಮುಖ ಮಳೆಯಲ್ಲಿ ನೆನೆಯುವುದೇ ಎಂದು ಅಮ್ಮ ಬೇಡವೆಂದಿದ್ದರಂತೆ. ಈಗ ಇಬ್ಬರೂ ಇಲ್ಲ. ತಾನು ಕಣ್ಣು ಮುಚ್ಚುವ ಮೊದಲು ತಾತನಿಗೊಂದು ಮುಖ ಕೊಡಬೇಕು ಎಂಬುದು ಅಸಂಪ್ಟಾ ಹಿಡಿದ ಹಟ. ಕಲ್ಲಿನವನಿಗೆ ಹೇಳಿಯಾಗಿತ್ತು, ಫೋಟೋ ಸ್ಕ್ಯಾನ್ ಮಾಡಿ ಚೊಕ್ಕ ಮಾಡಿಕೊಡುವುದು ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಓದುವವಳು ಎಂದರೆ ಪ್ರಿಂಟರ್ ರಿಪೇರಿಯಿಂದ ಪಿತೃಕಾರ್ಯದವರೆಗೆ ಎಲ್ಲವೂ ಬರುತ್ತದೆ ಎಂದು ಜನ ನಂಬುತ್ತಾರೆ.

ಜೊತೆಗೆ ಒಂದು ಡಬ್ಬಿಯನ್ನೂ ಕೊಟ್ಟರು. ಅಪ್ಪ ತೀರಿಕೊಂಡ ಮೇಲೆ ಇಟಲಿಯ ಹಳೆಯ ಮನೆಯಿಂದ ಬಂದದ್ದು. ಕೋಟಿನ ಫೋಟೋ ಸಿಕ್ಕಿದ್ದೂ ಅದರಲ್ಲೇ. ವೆಲ್ವೆಟ್ ಕಾಲರಿನ ಕೋಟು ಹಾಕಿಕೊಂಡು ತಾತ ತೆಗೆಸಿದ ಫೋಟೋ ಒಂದಿದೆ ಎಂದು ಅಪ್ಪ ಹೇಳುತ್ತಿದ್ದರಂತೆ. ತಾತನನ್ನು ಕಣ್ಣಾರೆ ಕಾಣದ ಅಸಂಪ್ಟಾ ಅವರಿಗೆ ಡಬ್ಬಿ ತೆರೆದಾಗ ಕೋಟು ಕಂಡಿತು, ತಾತ ಸಿಕ್ಕರು. ಉಳಿದ ಎರಡು ಫೋಟೋ ಮಾಸಿ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದವು. ಮುಖ ಮಾತ್ರ ಮಸುಕಾಗಿ ಕಾಣುತ್ತಿತ್ತು. "ಅವರ ಜೊತೆ ಬಂದವರು ಇರಬೇಕು, ಹೆಸರೂ ಗೊತ್ತಿಲ್ಲ" ಎಂದರು.

ಅವನ್ನೂ ಸ್ಕ್ಯಾನ್ ಮಾಡಿದ್ದು ಬರೀ ನನ್ನ ಚಡಪಡಿಕೆಯಿಂದ. ಸುಮ್ಮನೆ ಕೂತಿರಲು ಬರುವುದಿಲ್ಲವಲ್ಲ. ಮಸುಕನ್ನು ತೆಗೆಯುತ್ತಾ ಹೋದ ಹಾಗೆ ಕತ್ತಿನ ಕೆಳಗಿನ ಕಂದು ಗುಡ್ಡೆಯಿಂದ ಒಂದು ಕಾಲರ್ ಎದ್ದು ಬಂತು. ವೆಲ್ವೆಟ್. ಬೆಳ್ಳಿ ಕಟ್ಟಿನ ಫೋಟೋದಲ್ಲಿದ್ದ ಹಾಗೆಯೇ ಎಡ ಮೂಲೆ ಸವೆದಿತ್ತು. ಎರಡನೆಯ ಗುಂಡಿ ಇರಲಿಲ್ಲ, ದಾರ ಮಾತ್ರ ಇತ್ತು. ಮೂರನೆಯದನ್ನು ತೆರೆದೆ: ಅದೇ ಮೂಲೆ, ಅದೇ ದಾರ, ಅದೇ ಸರಪಳಿ. ಒಬ್ಬನಿಗೆ ತೋಳು ಬೆರಳು ಮುಚ್ಚಿತ್ತು, ಇನ್ನೊಬ್ಬನಿಗೆ ಮಣಿಕಟ್ಟಿನ ಮೇಲೇ ನಿಂತಿತ್ತು. ಬೆಳ್ಳಿ ಕಟ್ಟಿನ ಮಹಾನುಭಾವರ ಹೆಗಲ ಬಳಿ ಬಟ್ಟೆ ಹಿಂದಕ್ಕೆ ಜಗ್ಗಿದ ಗೀರುಗಳು. ಆ ಗೀರುಗಳನ್ನು ನಾನೇ ಎಷ್ಟೋ ಹೆಗಲುಗಳ ಮೇಲೆ ಎಳೆದಿದ್ದೇನೆ. ಕೋಟು ತಾತನದಲ್ಲ, ಸ್ಟುಡಿಯೋದ್ದು. ಮೂವರಲ್ಲಿ ತಾತ ಯಾರು ಬೇಕಾದರೂ ಆಗಿರಬಹುದು.

ಅಡುಗೆಮನೆಯಲ್ಲಿ ನಾಜಿಯಾಗೆ ಹೇಳಿದೆ. ಅವಳು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಸುಮ್ನಿರೆ ತಾಯಿ. ಅವ್ರ್ ತಾತ, ಅವ್ರ್ ಗೋರಿ. ನಿಂಗ್ಯಾಕೆ?"

"ಬೇರೆ ಯಾರ್ದೋ ಮುಖ ಹಾಕಿಸ್ಬಿಡ್ತಾರಲ್ಲೇ. ಕಲ್ಲಿನ ಮೇಲೆ. ಪರ್ಮನೆಂಟಾಗಿ."

"ಹಾಕಿಸ್ಲಿ, ಗ್ರ್ಯಾಂಡ್! ಖುಷಿಯಾಗಿರ್ತಾರೆ. ಈ ಊರಲ್ಲಿ ರೂಮ್ ಸಿಗೋ ಕಷ್ಟ ಗೊತ್ತಲ್ಲ? ಎಕ್ಸಾಮ್ ಟೈಮಲ್ಲಿ ಇಬ್ರನ್ನೂ ಆಚೆ ಹಾಕಿದ್ರೆ ನಿನ್ ಸ್ಟುಡಿಯೋ ಮಾವ ಬಂದು ಮನೆ ಕೊಡಿಸ್ತಾರಾ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಮರುದಿನ ಮಧ್ಯಾಹ್ನ ಅಸಂಪ್ಟಾ ಟೀ ಮಾಡುತ್ತಿದ್ದಾಗ ಲ್ಯಾಪ್‌ಟಾಪ್ ತೆರೆದು ಮೂರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಗುಂಡಿ ತೋರಿಸಿದೆ, ಕಾಲರ್ ತೋರಿಸಿದೆ, ಜನತಾ ಕೋಟಿನ ಕಥೆಯನ್ನೂ ಹೇಳಿದೆ. ಅವರು ಕಾದ ನೀರನ್ನೇ ಮತ್ತೆ ಕಾಯಿಸಲು ಇಟ್ಟರು. "ಗ್ರ್ಯಾಂಡ್" ಎಂದರು. ಐರ್ಲೆಂಡಿನಲ್ಲಿ ಇದ್ದವರಿಗೆ ಆ ಪದದ ಭಯ ಗೊತ್ತು. ಎಲ್ಲ ಸರಿಯಿದ್ದಾಗಲೂ ಅದೇ, ಮನೆ ಮುಳುಗಿದಾಗಲೂ ಅದೇ. ಆಮೇಲೆ ನಡುಮನೆಗೆ ಹೋಗಿ ಬೆಳ್ಳಿ ಕಟ್ಟನ್ನು ತೆಗೆದುಕೊಂಡು ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಆಮೇಲೆ ಕೆಲವು ದಿನ ಅಸಂಪ್ಟಾ ಊಟಕ್ಕೆ ಮಾತ್ರ ಕೋಣೆಯಿಂದ ಹೊರಗೆ ಬಂದರು. ನಾಜಿಯಾ ನನ್ನನ್ನು ಕಂಡಾಗಲೆಲ್ಲ ಸೂಟ್‌ಕೇಸಿನ ಕಡೆ ಕಣ್ಣು ಹಾಯಿಸುತ್ತಿದ್ದಳು. ನಾನು ಮೆಟ್ಟಿಲು ಹತ್ತುವುದು, ಇಳಿಯುವುದು, ನದಿಯ ದಡಕ್ಕೆ ಹೋಗುವುದು, ಅರ್ಧದಿಂದ ವಾಪಸ್ ಬರುವುದು. ಆ ಮುದುಕಿಯಿಂದ ನಾನು ಕಿತ್ತುಕೊಂಡದ್ದು ಒಬ್ಬ ತಾತನನ್ನು ಮಾತ್ರವಲ್ಲ, ಮೂಗು ಮುಚ್ಚಿಕೊಂಡವರಿಗೆ ಅವರು ಕೊಡುತ್ತಿದ್ದ ಉತ್ತರವನ್ನೂ ಎಂದು ಅನಿಸಿ ಅಳು ಬರುತ್ತಿತ್ತು. ಮೊದಲ ಬಾರಿಗೆ ಒಂದು ಮನೆ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ, ಅದೂ ಬಿಡಬೇಕಾಗಬಹುದೆಂಬ ಹೊತ್ತಿನಲ್ಲಿ.

ಒಂದು ಬೆಳಗ್ಗೆ ಅವರು ಮೂರೂ ಫೋಟೋ ಮತ್ತು ಒಂದು ಕೈಗನ್ನಡಿ ಹಿಡಿದು ಅಡುಗೆಮನೆಗೆ ಬಂದರು. ಕನ್ನಡಿಯಲ್ಲಿ ತಮ್ಮ ಮುಖ ನೋಡಿ, ಫೋಟೋ ನೋಡಿ, ಮತ್ತೆ ಕನ್ನಡಿ ನೋಡಿದರು. "ಮೂಗು ಇವರದ್ದು ಅನಿಸುತ್ತಾ?" ನಾನು ಮೊದಲನೆಯವನ ಗಲ್ಲ ಎಂದೆ. ನಾಜಿಯಾ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು, ಛೆ, ಮೂರನೆಯವನ ಕಿವಿ ನೋಡಿ ಎಂದಳು. ಮೂವರೂ ಮೂರು ತಾತಂದಿರನ್ನು ಹಿಡಿದುಕೊಂಡು ಬಹಳ ಹೊತ್ತು ಜಗಳವಾಡಿದೆವು. ಕೊನೆಗೆ ಅಸಂಪ್ಟಾ ಕನ್ನಡಿಯನ್ನು ಬೋರಲಾಗಿಟ್ಟರು.

"ನಿನ್ನ ಮಾವನ ಸ್ಟುಡಿಯೋದಲ್ಲಿ ಎಲ್ಲರದ್ದೂ ಒಂದೇ ಕೋಟಾದರೆ, ಯಾರ ಫೋಟೋ ಯಾರದು ಅಂತ ಹೇಗೆ ಗೊತ್ತಾಗ್ತಿತ್ತು?"

"ಅವರೇ ಬಂದು ತಗೊಂಡು ಹೋಗ್ತಿದ್ರು."

"ಬರದೆ ಇದ್ದರೆ?"

"ಮಾವ ಬಿಸಾಕ್ತಿರ್ಲಿಲ್ಲ. ಇಟ್ಟುಕೊಂಡಿರ್ತಿದ್ರು. ಇವತ್ತಲ್ಲ ನಾಳೆ ಅವರ ಕಡೆಯವರು ಯಾರಾದ್ರೂ ಬರ್ತಾರೆ ಅಂತ."

ಅವರು ಮೂರೂ ಫೋಟೋಗಳನ್ನು ಜೋಡಿಸಿ ಎದೆಗೆ ಒತ್ತಿಕೊಂಡರು. "ಇಷ್ಟು ವರ್ಷ ಆದ ಮೇಲೆ ಬಂದವಳು ನಾನೊಬ್ಬಳೇ ತಾನೆ? ಹಾಗಾದರೆ ಮೂರೂ ನನಗೇ ಕೊಡು." ಮಾಸಿದ ಎರಡನ್ನು ನನ್ನ ಮುಂದೆ ಇಟ್ಟು, "ಮಾಸಿದವರನ್ನೂ ಚೆನ್ನಾಗಿ ತೊಳೆದು ಕೊಡು. ಒಂದೇ ಕೋಟು ಹಂಚಿಕೊಂಡವರು, ಒಂದು ಕಲ್ಲು ಹಂಚಿಕೊಳ್ಳೋಕೆ ಏನು ಕಷ್ಟ" ಎಂದರು. ನಾಜಿಯಾ ಸಿಂಕಿನ ಕಡೆ ತಿರುಗಿ ನಲ್ಲಿಯನ್ನು ಜೋರಾಗಿ ಬಿಟ್ಟಳು. ಕಲ್ಲಿನವನು ಮೂರು ಮುಖ ಯಾಕೆ ಎಂದು ತಕರಾರು ತೆಗೆದನಂತೆ. ಅವನ ಬಾಯಿಯನ್ನು ಅವರು ಹೇಗೆ ಮುಚ್ಚಿಸಿದರೋ ನಾನು ಕೇಳಲಿಲ್ಲ.

ಕೋರ್ಸ್ ಮುಗಿಯಿತು. ನಾಜಿಯಾ ಮದುವೆಯಾಗಿ ಗಾಲ್ವೇ ಸೇರಿದಳು. ನಾನು ಡಬ್ಲಿನ್ನಿಗೆ ಬಂದೆ, ಇಲ್ಲೂ ಮನೆಯಿಂದ ಮನೆಗೆ ಹಾರಿದೆ. ಆಫೀಸಿನ ಕೋಟು ಹಾಕಿಕೊಂಡ ದಿನ ಸಂಜೆ ಅಸಂಪ್ಟಾ ಅವರಿಗೆ ಫೋನ್ ಮಾಡಿದೆ. ಸೊಂಟದ ಆಪರೇಷನ್ ಆಗಿ ಲೆಟರ್‌ಕೆನ್ನಿಯ ಸೋದರ ಸೊಸೆಯ ಮನೆಯಲ್ಲಿದ್ದರು. ದನಿ ಸಣ್ಣಗಾಗಿತ್ತು. ಬೇಸಿಗೆಯಲ್ಲಿ ಒಂದು ಭಾನುವಾರ ಪಾದ್ರಿಗಳು ಸ್ಮಶಾನಕ್ಕೆ ಬಂದು ಸಮಾಧಿಗಳ ಮೇಲೆ ಪವಿತ್ರ ನೀರು ಚಿಮುಕಿಸುತ್ತಾರೆ. ಅವತ್ತು ಪ್ರತಿ ಮನೆಯವರೂ ತಮ್ಮ ತಮ್ಮ ಹಿರಿಯರ ಕಲ್ಲಿನ ಪಕ್ಕ ನಿಂತಿರಬೇಕು. "ಈ ಸಲ ನನ್ನ ಕೈಲಾಗಲ್ಲ. ನಮ್ಮ ಕಲ್ಲಿನ ಹತ್ತಿರ ಯಾರೂ ಇಲ್ಲದೆ ಇರಬಾರದು. ನೀನು ಹೋಗಿ ನಿಲ್ತೀಯಾ?" ಎಂದರು. ನಾನು ಯೋಚಿಸಲಿಲ್ಲ, ಹೂಂ ಎಂದೆ.

ಹೋದ ಭಾನುವಾರ ಹೋಗಿ ನಿಂತೆ. ಹುಲ್ಲು ಕಿತ್ತು, ಮೂರು ಪಿಂಗಾಣಿ ಮುಖಗಳನ್ನೂ ಕರ್ಚೀಫಿನಿಂದ ಒರೆಸಿದೆ. ಸುತ್ತ ತುಂಬಿದ ಸಂಸಾರಗಳು, ಮಕ್ಕಳು, ಮಡಚುವ ಕುರ್ಚಿಗಳು. ಅಷ್ಟು ಜನರ ನಡುವೆ ಒಬ್ಬಳೇ ತಿಪಟೂರಿನವಳು. ಪಕ್ಕದ ಸಮಾಧಿಯ ಅಜ್ಜಿ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ ನನ್ನನ್ನೂ ಕಲ್ಲನ್ನೂ ಬಹಳ ಹೊತ್ತು ನೋಡಿದರು.

"ಇವರಲ್ಲಿ ನಿಮ್ಮವರು ಯಾರಮ್ಮ?"

ಹಿಂದೆ ಬಾಡಿಗೆಗಿದ್ದವಳು, ಅವರಿಗೆ ಬರಲಾಗಲಿಲ್ಲ, ಅದಕ್ಕೆ ನಾನು ಎಂಬ ಉತ್ತರ ದಾರಿಯುದ್ದಕ್ಕೂ ತಯಾರಾಗಿತ್ತು. ಬಾಯಿಂದ ಬಂದದ್ದು ಬೇರೆ. "ಮೂವರೂ" ಎಂದೆ.

ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ತಲೆಯಾಡಿಸಿದರು.

"ಹೌದು ಹೌದು. ನಡುವಿನವರ ಹುಬ್ಬು ನೋಡು, ಥೇಟ್ ನಿನ್ನದೇ."

ನಾನು ಅಲ್ಲ ಎನ್ನಲಿಲ್ಲ. ಅಷ್ಟರಲ್ಲಿ ಪಾದ್ರಿಗಳು ನಮ್ಮ ಸಾಲಿಗೆ ಬಂದರು. ಕಾಲು ಕದಲಿಸದೆ ನಿಂತಿದ್ದೆ. ಅವರು ಕೈ ಬೀಸಿದಾಗ ನೀರು ಮೂವರ ಮೇಲೂ ಬಿತ್ತು, ನನ್ನ ಹುಬ್ಬಿನ ಮೇಲೂ ಬಿತ್ತು.